ಮಾರವಾಡದ ಠಿಕಾಣೆಯ ವಂಶಾವಳಿ: ಭಾಟರ ವಹಿ ನಂಬಬೇಕಾ, ದರಬಾರಿನ ಬಹಿ ನಂಬಬೇಕಾ?

ನಿಮ್ಮದು ಮಾರವಾಡದಿಂದ (ಜೋಧಪುರ ಸೀಮೆ) ಹುಬ್ಬಳ್ಳಿಗೆ ಬಂದು ನೆಲೆಸಿದ ಕೂಂಪಾವತ್ ಮನೆತನ (ರಾಠೋಡ ರಜಪೂತರ ಒಂದು ಶಾಖೆ), ಭಾಟರ (ವಂಶಾವಳಿ ಬರೆದಿಟ್ಟು ಹಾಡುವವರ) ವಹಿಯ, ಅಂದರೆ ವಂಶದ ಪುಸ್ತಕದ, ಇಸವಿಗೂ ಜೋಧಪುರ ದರಬಾರಿನ ಕಾಗದದ ಇಸವಿಗೂ ಒಂದು ವರ್ಷದ ವ್ಯತ್ಯಾಸ, ಯಾವುದು ಸುಳ್ಳು ಅಂತ ಕೇಳಿದ್ದೀರಿ. ಎರಡೂ ನಿಜ ಇರಬಹುದು ಸ್ವಾಮಿ. ಒಂದನ್ನು ಸುಳ್ಳೆಂದು ತೀರ್ಮಾನಿಸಿ, ಇಲ್ಲದ ತಲೆಮಾರೊಂದನ್ನು ಹುಟ್ಟಿಸಿ, ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದವನು ನಾನು.

ನಮ್ಮದು ಮೇಡತಿಯಾ ರಾಠೋಡರ ಸಣ್ಣ ಠಿಕಾಣೆ (ಠಾಕುರನೊಬ್ಬನ ಜಾಗೀರು). ಊರ ಕೆರೆಯ ಪಕ್ಕದ ದೇವಳಿ ಕಲ್ಲಿನಲ್ಲಿ (ನಮ್ಮ ವೀರಗಲ್ಲು, ಮಾಸ್ತಿಗಲ್ಲಿನ ಥರದ್ದು) ಠಾಕುರರು ತೀರಿಕೊಂಡದ್ದು ‘ಸಂವತ್ 1874 ವೈಶಾಖ ವದಿ 8’ (ಕೃಷ್ಣಪಕ್ಷದ ಅಷ್ಟಮಿ) ಎಂದಿತ್ತು. ಪಟ್ಟಾ ಬಹಿಯಲ್ಲಿ (ಪಟ್ಟಾ ಅಂದರೆ ಜಾಗೀರಿನ ಹಕ್ಕುಪತ್ರ, ಬಹಿ ಅಂದರೆ ದರಬಾರಿನ ದಾಖಲೆ ಪುಸ್ತಕ) ಮಗನ ಹೆಸರಿಗೆ ಪಟ್ಟಾ ಆದದ್ದು ‘1873 ಜೇಠ ಸುದಿ’ (ಜ್ಯೇಷ್ಠ ಶುಕ್ಲಪಕ್ಷ). ಅಪ್ಪ ಸಾಯುವ ಹತ್ತು ತಿಂಗಳು ಮುಂಚೆಯೇ ಮಗನಿಗೆ ಪಟ್ಟಾ! ಹಾಗಾದರೆ ಒಂದೇ ಹೆಸರಿನ ಇಬ್ಬರು ಠಾಕುರರಿರಬೇಕು ಅಂದುಕೊಂಡೆ. ನಡುವೆ ಒಂದು ಪೀಢಿ (ತಲೆಮಾರು) ಸೇರಿಸಿದೆ. ಅಲ್ಲಿಂದ ಕೆಳಗಿನ ಲೆಕ್ಕವೆಲ್ಲ ಒಂದು ಮೆಟ್ಟಿಲು ಜಾರಿತು. ದಾಯಾದಿಗಳಲ್ಲಿ ಅಣ್ಣತಮ್ಮಂದಿರಾಗಬೇಕಾದವರು ಚಿಕ್ಕಪ್ಪ–ಮಗ ಆಗಿಬಿಟ್ಟರು.

ತಪ್ಪು ಎಲ್ಲಿತ್ತೆಂದರೆ, ಮಾರವಾಡದಲ್ಲಿ ವಿಕ್ರಮ ಸಂವತ್ (ವಿಕ್ರಮ ಶಕೆಯ ವರ್ಷ) ಎರಡು ಥರ ಓಡುತ್ತದೆ. ಪಂಚಾಂಗದ ವರ್ಷ ಚೈತ್ರ ಸುದಿ 1ಕ್ಕೆ ಬದಲಾಗುತ್ತದೆ, ಅದು ಚೈತ್ರಾದಿ. ದರಬಾರಿನ ವರ್ಷ ಶ್ರಾವಣ ವದಿ 1ಕ್ಕೆ ಬದಲಾಗುತ್ತದೆ, ಅದು ಶ್ರಾವಣಾದಿ. ಶ್ರಾವಣದಿಂದ ಮುಂದಿನ ಚೈತ್ರ ವದಿ ಮುಗಿಯುವವರೆಗೆ ಎರಡರ ಅಂಕಿಯೂ ಒಂದೇ. ಚೈತ್ರ ಸುದಿಯಿಂದ ಆಷಾಢದ ಹುಣ್ಣಿಮೆವರೆಗಿನ ಮೂರೂವರೆ ತಿಂಗಳು ಮಾತ್ರ ದರಬಾರಿನ ಅಂಕಿ ಒಂದು ಹಿಂದೆ. ಕಲ್ಲು ಕೆತ್ತಿದವನು ಪಂಚಾಂಗ ನೋಡಿ 1874 ಅಂದ, ಬಹಿ ಬರೆದ ಗುಮಾಸ್ತ ತನ್ನ ಲೆಕ್ಕದ ವರ್ಷ ಇನ್ನೂ ಮುಗಿದಿಲ್ಲವಾದ್ದರಿಂದ 1873 ಅಂದ. ಎರಡೂ 1817ನೇ ಇಸವಿಯೇ. ಅಪ್ಪ ಸತ್ತು ಸುಮಾರು ಒಂದೂವರೆ ತಿಂಗಳಿಗೆ ಮಗನಿಗೆ ಪಟ್ಟಾ ಆಗಿದೆ, ಅಷ್ಟೇ.

ಇದರ ಮೇಲೆ ಕನ್ನಡದವರಿಗೆಂದೇ ಕಾದಿರುವ ಇನ್ನೊಂದು ಗುಂಡಿ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದು ಹುಣ್ಣಿಮೆಗೆ. ಸುದಿ ಅಂದರೆ ನಮ್ಮ ಶುದ್ಧ, ಅದರಲ್ಲಿ ತೊಂದರೆಯಿಲ್ಲ. ವದಿ ಅಂದರೆ ಬಹುಳ, ಅಲ್ಲಿ ತಿಂಗಳ ಹೆಸರೇ ಬೇರೆ. ಅವರ ವೈಶಾಖ ವದಿ 8 ನಮ್ಮ ಚೈತ್ರ ಬಹುಳ ಅಷ್ಟಮಿ. ಹುಬ್ಬಳ್ಳಿಯ ಪಂಚಾಂಗ ಹಿಡಿದು ನೋಡಿದರೆ ತಿಂಗಳು ತಪ್ಪುತ್ತೀರಿ.

ಆದ್ದರಿಂದ ಸಂವತ್‌ನಲ್ಲಿ 57 ಕಳೆದು ಮುಂದೆ ಹೋಗಬೇಡಿ. ಚೈತ್ರಾದಿಯಾದರೆ ಚೈತ್ರ ಸುದಿಯಿಂದ ಡಿಸೆಂಬರ್ ಕೊನೆಯವರೆಗೆ 57, ಜನವರಿಯಿಂದ ಚೈತ್ರ ವದಿವರೆಗೆ 56. ಶ್ರಾವಣಾದಿಯಾದರೆ ಶ್ರಾವಣದಿಂದ ಡಿಸೆಂಬರ್‌ವರೆಗೆ 57, ಜನವರಿಯಿಂದ ಆಷಾಢದವರೆಗೆ 56. ಕೈ ಪಳಗಲು ಗೊತ್ತಿರುವ ಘಟನೆ ಹಾಕಿ ನೋಡಿ. ನಿಮ್ಮ ಮೂಲಪುರುಷ ಕೂಂಪಾ ಶೇರ್ ಶಾಹನ ಎದುರು ಗಿರಿ-ಸುಮೇಲದಲ್ಲಿ ಬಿದ್ದದ್ದು ಸಂವತ್ 1600ರ ಪೌಷ ಸುದಿಯಲ್ಲಿ. 57 ಕಳೆದರೆ 1543 ಬರುತ್ತದೆ, ನಿಜವಾಗಿ ಅದು 1544ರ ಜನವರಿ. ಕಲ್ಲಿನ ಮೇಲೆ ವಾರವನ್ನೂ ಕೆತ್ತಿದ್ದರೆ ನಿಮ್ಮ ಪುಣ್ಯ: ಎರಡು ಪದ್ಧತಿಯಲ್ಲೂ ದಿನಾಂಕ ತೆಗೆದು, ವಾರ ಯಾವುದಕ್ಕೆ ಕೂಡುತ್ತದೋ ಅದನ್ನು ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮೂಲದ ಸಂವತ್, ಮಾಸ, ಪಕ್ಷ, ತಿಥಿ ಇದ್ದ ಹಾಗೇ ಒಂದು ಕಾಲಂನಲ್ಲಿರಲಿ, ಇಸವಿ ಬೇರೆ ಕಾಲಂನಲ್ಲಿರಲಿ. ನಾನು ಇಸವಿ ಮಾತ್ರ ಬರೆದುಕೊಂಡಿದ್ದೆ. ತಪ್ಪು ಗೊತ್ತಾದಾಗ ತಿದ್ದಲು ಮೂಲವೇ ಕೈಯಲ್ಲಿರಲಿಲ್ಲ, ಬಹಿಗಳಿರುವ ಬೀಕಾನೇರಿಗೆ ಮತ್ತೆ ರೈಲು ಹತ್ತಬೇಕಾಯಿತು.

ಇನ್ನು ‘ಮೂಲದಿಂದ ಬರೆಯಬೇಕು’ ಅಂತ ಹೊರಟಿದ್ದೀರಲ್ಲ, ಅದನ್ನು ಬಿಡಿ. ಸೂರ್ಯನಿಂದ ಶುರುವಾಗುವ ಹೆಸರಿನ ಸಾಲು ಭಾಟರ ಬಾಯಲ್ಲಿ ಕೇಳಲು ಚೆಂದ. ಮಾರವಾಡದ ರಾಠೋಡರಿಗೆ ಗಟ್ಟಿ ನೆಲ ಸಿಗುವುದು ಪಾಲಿ ಹತ್ತಿರದ ಬೀಠೂ ಗ್ರಾಮದ ಕಲ್ಲಿನಲ್ಲಿ: ಅವರ ಮೂಲಪುರುಷ ರಾವ್ ಸೀಹಾ ತೀರಿಕೊಂಡದ್ದು ಸಂವತ್ 1330, ಅಂದರೆ 1273. ‘ರಾಠೋಡ’ ಪದ ರಾಷ್ಟ್ರಕೂಟದಿಂದ ಬಂದದ್ದೆಂದು ಗೊತ್ತಾದೊಡನೆ ನಮ್ಮವರು ಮಳಖೇಡಕ್ಕೆ ಗೆರೆ ಎಳೆದುಬಿಡುತ್ತಾರೆ. ಪದದ ನಂಟು ಸರಿ. ಆದರೆ ಅಪ್ಪ–ಮಗ ಅಂತ ಕೊಂಡಿ ಕೂಡಿಸಲು ಅಷ್ಟು ಸಾಲದು.

ಕೆಳಗಿನಿಂದ ಮೇಲಕ್ಕೆ ಹತ್ತಿ. ರಾಜಸ್ಥಾನದಲ್ಲಿ ಜಾಗೀರು ವಾಪಸು ಪಡೆಯುವ ಕಾನೂನು ಆದದ್ದು 1952ರಲ್ಲಿ. ಆಗಿನ ಪರಿಹಾರದ ಕಡತ ಸಿಕ್ಕರೆ ಊರುಗಳು, ಹುಟ್ಟುವಳಿ, ಹಕ್ಕುದಾರರು ಒಂದೇ ಕಡೆ ಸಿಗುತ್ತಾರೆ. ಅಲ್ಲಿಂದ ಹಿಂದಕ್ಕೆ ಬೀಕಾನೇರಿನ ರಾಜ್ಯ ಪತ್ರಾಗಾರದ ಜೋಧಪುರ ಬಹಿಗಳು. ಅದರಲ್ಲಿ ಮೊದಲು ಹುಡುಕಬೇಕಾದದ್ದು ಹುಕುಮನಾಮಾ. ಹೊಸ ಠಾಕುರ ಪಟ್ಟಕ್ಕೆ ಬಂದಾಗ ದರಬಾರಿಗೆ ಕಟ್ಟುತ್ತಿದ್ದ ಹಣ ಅದು, ಬ್ರಿಟಿಷರ ಕಾಲಕ್ಕೆ ಒಂದು ವರ್ಷದ ರೇಖಿನ ಮುಕ್ಕಾಲು ಪಾಲು. (ರೇಖ್ ಅಂದರೆ ಜಾಗೀರಿನ ಹುಟ್ಟುವಳಿಯ ಅಂದಾಜು. ಸಾವಿರ ರೂಪಾಯಿ ರೇಖಿಗೆ ಒಬ್ಬ ಸವಾರನನ್ನು ಚಾಕರಿಗೆ ಕಳಿಸಬೇಕಿತ್ತು.) ಹಾಡು ಕಟ್ಟುವವನು ಹಿಗ್ಗಿಸಬಹುದು, ಆದರೆ ಇಲ್ಲದ ವಾರಸುದಾರನ ಹೆಸರಲ್ಲಿ ಯಾರೂ ದುಡ್ಡು ಕಟ್ಟುವುದಿಲ್ಲ. ಒಂದು ಪೀಢಿಗೆ ಹುಕುಮನಾಮಾ ಕಾಣದಿದ್ದರೆ ಆ ಪೀಢಿಯ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ. ನಾನು ಸೇರಿಸಿದ ಠಾಕುರರಿಗೂ ಇರಲಿಲ್ಲ. ನೋಡುವ ಬುದ್ಧಿ ಬರಲಿಲ್ಲ.

ಪಟ್ಟಾದಲ್ಲಿ ಊರುಗಳ ಹೆಸರು, ಒಂದೊಂದರ ರೇಖ್ ಎರಡನ್ನೂ ಬರೆದುಕೊಳ್ಳಿ. ಹಿಂದಿನ ಪಟ್ಟಾದಲ್ಲಿದ್ದ ಊರು ಮುಂದಿನದರಲ್ಲಿ ಕಾಣದಿದ್ದರೆ, ಬಹುಮಟ್ಟಿಗೆ ಅದು ತಮ್ಮನ ಜೀವನೋಪಾಯಕ್ಕೆ ಹೋಗಿದೆ ಅಥವಾ ದರಬಾರು ಜಪ್ತಿ ಮಾಡಿದೆ. ತಮ್ಮಂದಿರ ಶಾಖೆ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಯಾಕೆಂದರೆ ಠಿಕಾಣೆ ಹಿರಿಮಗನಿಗೆ, ಅಂದರೆ ಪಾಟವಿಗೆ, ಹೋಗುತ್ತಿತ್ತು.

ಹಾಗಂತ ಭಾಟರನ್ನು ದೂರ ಇಡಬೇಡಿ, ಕೊನೆಗೆ ಕರೆಯಿರಿ. ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟರು, ಸೊಸೆಯರು ಯಾವ ಕುಲದವರು ಅನ್ನುವುದು ಅವರಲ್ಲೇ ಚೆನ್ನಾಗಿ ಸಿಗುತ್ತದೆ. ರಾಣಿಮಂಗಾ ಭಾಟರಿಗಂತೂ ಅದೇ ಕೆಲಸ. ವಹಿಯ ಫೋಟೊ ಕೇಳಿ ಮನಸ್ಸು ಕೆಡಿಸಬೇಡಿ. ಅವರೇ ಓದಲಿ, ನೀವು ಧ್ವನಿ ಮುದ್ರಿಸಿಕೊಳ್ಳಿ. ‘ಖೋಳೆ’ ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲೇ ತಡೆದು ಕೇಳಿ. ಮಡಿಲಿಗೆ ಬಂದವ, ಅಂದರೆ ದತ್ತು. ವಂಶಾವಳಿಯಲ್ಲಿ ಅವನು ಮಗನೆಂದೇ ಬರುತ್ತಾನೆ, ಹೆತ್ತ ಅಪ್ಪ ಪಕ್ಕದ ಠಿಕಾಣೆಯಲ್ಲಿರುತ್ತಾನೆ. ನಿಮ್ಮ ಮರದಲ್ಲಿ ಅವನಿಗೆ ಎರಡು ಗೆರೆ ಎಳೆಯಿರಿ, ಒಂದು ಗಟ್ಟಿ ಗೆರೆ, ಒಂದು ಚುಕ್ಕಿ ಗೆರೆ.

ದೇವಳಿಯ ಫೋಟೊ ತೆಗೆಯುವಾಗ ಅಕ್ಷರದ ಮೇಲೆ ಸುಣ್ಣ, ಹಿಟ್ಟು ಬಳಿಯಬೇಡಿ, ಸವೆದ ಕಲ್ಲು ಇನ್ನೂ ಹಾಳಾಗುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಪಕ್ಕದಿಂದ, ಬಹುತೇಕ ಒರಗಿಸಿ ಹಿಡಿದರೆ ಗೀರುಗಳು ತಾವಾಗಿ ಎದ್ದು ಬರುತ್ತವೆ. ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ತೆಗೆಯಿರಿ, 3 ಮತ್ತು 4ರ ನಡುವಿನ ಅನುಮಾನ ಹೆಚ್ಚಾಗಿ ಅಲ್ಲೇ ತೀರುತ್ತದೆ.