ಸೆಪಾಂಗ್‌ನಲ್ಲಿ ಮೋಟೋಜಿಪಿ: ಸ್ಟಾರ್ಟ್-ಫಿನಿಶ್ ಎದುರಿನ ದುಬಾರಿ ಸೀಟು ತಗೋಬೇಕಾ?

ಮೊದಲ ಸಲ ಮೋಟೋಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್, ನೋಡೋಕೆ ಮಲೇಷ್ಯಾದ ಸೆಪಾಂಗ್‌ಗೆ ಹೊರಟಿದ್ದೀರಿ. ಸ್ಟಾರ್ಟ್-ಫಿನಿಶ್ ಎದುರಿನ ದುಬಾರಿ ಸೀಟು ತಗೊಳ್ಳಲಾ, ಟಿವಿಗಿಂತ ಚೆನ್ನಾಗಿ ಕಾಣುತ್ತಾ ಅಂತ ಕೇಳಿದ್ದೀರಿ. ಆ ಸೀಟಿನಲ್ಲಿ ನಾನು ಕೂತಿದ್ದೆ. 2015ರ ಅಕ್ಟೋಬರ್ 25, ಭಾನುವಾರ. ಬೈಕ್ ರೇಸಿನ ಹುಚ್ಚಿರುವ ಯಾರಿಗಾದರೂ ಆ ತಾರೀಖು ಹೇಳಿ ನೋಡಿ, ಬಾಯಿಂದ ಬರೋದು ಒಂದೇ ಪ್ರಶ್ನೆ: "ರೋಸ್ಸಿ ಮಾರ್ಕೆಸ್‌ನನ್ನ ಒದ್ದನಾ, ಇಲ್ವಾ?" ಇಬ್ಬರೂ ಆ ದಿನದ ರೇಸಿನ ಸವಾರರು. ಇಷ್ಟು ವರ್ಷದಿಂದ ಕಂಡಕಂಡವರೆಲ್ಲ ನನ್ನನ್ನು ಇದನ್ನೇ ಕೇಳ್ತಿದ್ದಾರೆ. ನನಗೆ ಗೊತ್ತಿಲ್ಲ ಸ್ವಾಮಿ. ಅಲ್ಲೇ ಇದ್ದೆ, ಟಿಕೆಟ್ ಇತ್ತು, ಕಣ್ಣೂ ಇತ್ತು. ನೋಡಲಿಲ್ಲ.

ನಾವು ಮೈಸೂರಿನವರು. ಯಾದವಗಿರಿಯಲ್ಲಿ ತಯಾರಾದ ಯೆಜ್ಡಿ ಮನೆಯಲ್ಲಿತ್ತು. ಅಪ್ಪ ಅದನ್ನು ಒರೆಸುವಾಗ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲೋದು ನನ್ನ ಭಾನುವಾರದ ಕೆಲಸ. ಆಮೇಲೆ ಕೆಲಸಕ್ಕೆ ಬೆಂಗಳೂರು, ಟಿವಿಯಲ್ಲಿ ಮೋಟೋಜಿಪಿ, ವ್ಯಾಲೆಂಟಿನೋ ರೋಸ್ಸಿಯ ಭಕ್ತಿ, ಕಪಾಟಿನಲ್ಲಿ ಹಳದಿ ಬಣ್ಣದ 46 ನಂಬರಿನ ಟೀ ಶರ್ಟು. 2015ರಲ್ಲಿ ರೋಸ್ಸಿಗೆ 36 ವರ್ಷ, ಹತ್ತನೇ ವಿಶ್ವ ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರ. ಎರಡೇ ರೇಸ್ ಬಾಕಿ ಇದ್ದಾಗ ಎದುರಾಳಿ ಲೊರೆಂಜೊಗಿಂತ 11 ಪಾಯಿಂಟ್ ಮುಂದೆ ಇದ್ದ. ಈಗ ಹೋಗದಿದ್ದರೆ ಇನ್ಯಾವಾಗ ಅಂತ ಹೆಂಡತಿಗೆ ಹೇಳಿದೆ. "ನನ್ನ ತಮ್ಮನ್ನೂ ಕರ್ಕೊಂಡು ಹೋಗಿ" ಅಂದಳು. ಭಾವಮೈದ ಆಗಷ್ಟೇ ಕೆಲಸಕ್ಕೆ ಸೇರಿದ್ದ, ಕೈಯಲ್ಲಿ ದುಡ್ಡಿಲ್ಲ.

ಈ ದುಡ್ಡಿನ ವಿಷಯದಲ್ಲೇ ನಾನು ಎಡವಿದ್ದು.

ಸೆಪಾಂಗ್‌ನ ನಕ್ಷೆ ಒಂದು ಸಲ ತೆಗೆದು ನೋಡಿ. 5.543 ಕಿಲೋಮೀಟರ್ ಉದ್ದ, 15 ತಿರುವು. ಕೊನೆಯಲ್ಲಿ ಎರಡು ಉದ್ದನೆಯ ನೇರ ರಸ್ತೆಗಳು ಅಕ್ಕಪಕ್ಕದಲ್ಲೇ ಎದುರುಬದುರು ದಿಕ್ಕಿಗೆ ಓಡುತ್ತವೆ. 14ನೇ ತಿರುವು ಮುಗಿಸಿ ಹಿಂದಿನ ಸ್ಟ್ರೇಟ್‌ಗೆ ಬಂದ ಬೈಕು 15ನೇ ತಿರುವಿನಲ್ಲಿ, ಅಂದರೆ ಹೇರ್‌ಪಿನ್‌ನಲ್ಲಿ, ಗರ್ರನೆ ಎಡಕ್ಕೆ ಸುತ್ತಿ ಸ್ಟಾರ್ಟ್-ಫಿನಿಶ್ ಸ್ಟ್ರೇಟ್‌ಗೆ ಬರುತ್ತೆ. ಮೇನ್ ಗ್ರ್ಯಾಂಡ್‌ಸ್ಟ್ಯಾಂಡ್ ನಿಂತಿರೋದು ಈ ಎರಡೂ ಸ್ಟ್ರೇಟ್‌ಗಳ ನಡುವೆ. ಚಾವಣಿ ಬಾಳೆಲೆ ಬಿಡಿಸಿಟ್ಟ ಹಾಗಿದೆ. ಅದಕ್ಕೆ ಎರಡು ಮುಖ: ಒಂದು ಕಡೆ ಕೂತರೆ ಸ್ಟಾರ್ಟ್ ಗೆರೆ, ಪಿಟ್ (ತಂಡಗಳ ಗ್ಯಾರೇಜು), ಪೋಡಿಯಂ (ಗೆದ್ದವರು ನಿಲ್ಲುವ ವೇದಿಕೆ). ಇನ್ನೊಂದು ಕಡೆ ಕೂತರೆ ಹಿಂದಿನ ಸ್ಟ್ರೇಟ್ ಮತ್ತು ಅದರ ತುದಿಯ ಹೇರ್‌ಪಿನ್. ನಾವು ಹೋದಾಗ ಹಿಂದಿನ ಕಡೆಯ ಸೀಟು ಅಗ್ಗ ಇತ್ತು.

ಭಾವಮೈದ ಅಗ್ಗದ್ದು ತಗೊಂಡ. ನಾನು, ಭಾವ ಅಲ್ವಾ, ದೊಡ್ಡಸ್ತಿಕೆ ಬೇಡವಾ, ದುಬಾರಿಯದ್ದು ತಗೊಂಡೆ. "ಇಬ್ಬರೂ ಒಂದೇ ಕಡೆ ಕೂರೋಣ ಭಾವ" ಅಂತ ಪಾಪ ಎರಡು ಸಲ ಹೇಳಿದ. "ಅಷ್ಟು ದೂರ ಹೋಗಿ ಸ್ಟಾರ್ಟ್ ನೋಡದಿದ್ರೆ ಹೆಂಗೋ?" ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಟಿವಿ. ಟಿವಿಯಲ್ಲಿ ರೇಸ್ ಶುರುವಾಗೋದು ಅಲ್ಲಿ, ಮುಗಿಯೋದು ಅಲ್ಲಿ, ಬಾವುಟ ಬೀಸೋದು ಅಲ್ಲಿ, ಶಾಂಪೇನ್ ಚಿಮ್ಮಿಸೋದು ಅಲ್ಲಿ. ಹಾಗಾಗಿ ರೇಸ್ ನಡೆಯೋದೂ ಅಲ್ಲೇ ಅಂದುಕೊಂಡುಬಿಟ್ಟೆ. ಕ್ರಿಕೆಟ್ ನೋಡಿ ಬೆಳೆದವರ ತಪ್ಪು ಇದು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಎಲ್ಲಿ ಕೂತರೂ ಪಿಚ್ ಒಂದೇ, ಪಂದ್ಯ ನಿಮ್ಮ ಎದುರಿಗೇ ಇರುತ್ತೆ. ರೇಸ್ ಟ್ರ್ಯಾಕಿನಲ್ಲಿ ಪಂದ್ಯ ನಿಮ್ಮನ್ನು ಬಿಟ್ಟು ಓಡಿಹೋಗುತ್ತೆ. ಅದು ಎಲ್ಲಿ ನಿಧಾನ ಮಾಡುತ್ತೋ ಅಲ್ಲಿ ಕಾದು ಕೂತವನು ಜಾಣ.

ಲೆಕ್ಕ ಹಾಕಿ ಹೇಳ್ತೀನಿ, ಆಗ ಹಾಕಲಿಲ್ಲ, ಈಗಲಾದರೂ ಹಾಕೋಣ. ಬೈಕು ನನ್ನ ಎದುರು ಹಾದುಹೋಗುವಾಗ ಗಂಟೆಗೆ 250 ಕಿಲೋಮೀಟರ್ ಅಂತಲೇ ಇಟ್ಟುಕೊಳ್ಳಿ, ಸೆಕೆಂಡಿಗೆ ಸುಮಾರು 70 ಮೀಟರ್. ನನ್ನ ಸೀಟಿನಿಂದ ಸರಿಯಾಗಿ ಕಾಣುತ್ತಿದ್ದದ್ದು ಹೆಚ್ಚೆಂದರೆ 400 ಮೀಟರ್. ಅಂದರೆ ಸುತ್ತಿಗೆ 6 ಸೆಕೆಂಡು. ಒಂದು ಸುತ್ತಿಗೆ 2 ನಿಮಿಷ, ಒಟ್ಟು 20 ಸುತ್ತು. 40 ನಿಮಿಷದ ರೇಸಿನಲ್ಲಿ ರೋಸ್ಸಿ ನನ್ನ ಪಾಲಿಗೆ ಬಂದದ್ದು ಬರೀ 2 ನಿಮಿಷ! ಮಿಕ್ಕ 38 ನಿಮಿಷ ಖಾಲಿ ಡಾಂಬರು ನೋಡೋದು, ಇಲ್ಲ ಎದುರಿನ ದೊಡ್ಡ ಪರದೆ ನೋಡೋದು. ಆ 6 ಸೆಕೆಂಡಿನಲ್ಲೂ ಸವಾರ ಟ್ಯಾಂಕಿನ ಮೇಲೆ ಮಲಗಿರ್ತಾನೆ, ಏನೂ ಮಾಡ್ತಿರಲ್ಲ, ಥ್ರಾಟಲ್ ತಿರುವಿ ಹಿಡಿದಿರ್ತಾನೆ ಅಷ್ಟೆ. ಅದೇ ಹೇರ್‌ಪಿನ್‌ನಲ್ಲಿ? ಮುನ್ನೂರರ ಆಸುಪಾಸಿನಿಂದ ಏಕಾಏಕಿ ಬ್ರೇಕ್. ಹಿಂದಿನ ಚಕ್ರ ನೆಲ ಬಿಟ್ಟು ಅಲ್ಲಾಡುತ್ತೆ, ಒಂದು ಕಾಲು ಪೆಗ್ಗಿನಿಂದ, ಅಂದರೆ ಕಾಲಿಡುವ ಕಡ್ಡಿಯಿಂದ, ಆಚೆ ಜೋತಾಡುತ್ತೆ, ಮೊಣಕೈ ನೆಲ ಸವರುತ್ತೆ, ಒಬ್ಬನ ಒಳಗೆ ಇನ್ನೊಬ್ಬ ನುಗ್ಗುತ್ತಾನೆ. ಬೈಕ್ ರೇಸ್ ಅನ್ನೋದು ಬ್ರೇಕಿನ ಆಟ ಕಣ್ರೀ, ಆಕ್ಸಿಲರೇಟರಿನ ಆಟ ಅಲ್ಲ. ನಾನು ದುಡ್ಡು ಕೊಟ್ಟು ಕೊಂಡದ್ದು ಆಕ್ಸಿಲರೇಟರಿನ ಸೀಟು.

ಶನಿವಾರ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ ಮಾಡಿಕೊಂಡು ಊರೆಲ್ಲ ಸುತ್ತಿದೆವು. ಆ ತಿಂಗಳು ಸುಮಾತ್ರಾದ ಕಾಡಿನ ಬೆಂಕಿಯ ಹೊಗೆ ಮಲೇಷ್ಯಾದ ಮೇಲೆಲ್ಲ ಕವಿದಿತ್ತು, ಬಾಯಲ್ಲಿ ಬೂದಿ ಇಟ್ಟುಕೊಂಡ ಹಾಗೆ. ರೇಸ್ ನಡೆಯುತ್ತೋ ಇಲ್ಲವೋ ಅನ್ನುವಷ್ಟು ನನಗೆ ಭಯ. ಗುರುವಾರದ ಪತ್ರಿಕಾಗೋಷ್ಠಿಯಲ್ಲಿ ರೋಸ್ಸಿ ಬೇರೆ ಬೆಂಕಿ ಹಚ್ಚಿದ್ದ: ಹಿಂದಿನ ವಾರ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್ ರೇಸಿನಲ್ಲಿ ಮಾರ್ಕೆಸ್ ಬೇಕಂತಲೇ ನನಗೆ ಅಡ್ಡ ಬಂದು ಲೊರೆಂಜೊಗೆ ಸಹಾಯ ಮಾಡಿದ ಅಂತ. ಭಾನುವಾರ ಬಸ್ಸಿನಲ್ಲಿ ಎಲ್ಲಿ ನೋಡಿದರೂ ಹಳದಿ ಟೀ ಶರ್ಟು. ಗುರುತಿಲ್ಲದ ಮಲೇಷ್ಯಾದ ಹುಡುಗರು ನನ್ನ ಎದೆಯ ಮೇಲಿನ 46 ನೋಡಿ ಬೆನ್ನು ತಟ್ಟಿದರು. ಆ ಖುಷಿಗೆ ಮಾತ್ರ ಬೆಲೆ ಕಟ್ಟೋಕಾಗಲ್ಲ.

ಮೊದಲು ಚಿಕ್ಕ ಎಂಜಿನ್ ಬೈಕುಗಳ ರೇಸುಗಳು: ಮೋಟೋ3ಯಲ್ಲಿ ಒಲಿವೇರಾ ಗೆದ್ದ, ಮೋಟೋ2ನಲ್ಲಿ ಝಾರ್ಕೊ. ಆಗಲೇ ಒಂದು ಅನುಮಾನ ಬಂದಿತ್ತು, ಏನೂ ಸರಿಯಾಗಿ ಕಾಣ್ತಿಲ್ಲವಲ್ಲ ಅಂತ. ಆದರೆ ಎದ್ದು ಹಿಂದೆ ಹೋಗಿ ನೋಡಬೇಕು ಅಂತ ಹೊಳೆಯಲಿಲ್ಲ. ಕೊಟ್ಟ ದುಡ್ಡು ಸೀಟಿಗೆ ಅಂಟಿಸಿ ಕೂರಿಸಿತ್ತು.

ಮಧ್ಯಾಹ್ನ ಮೋಟೋಜಿಪಿ. ಪೋಲ್‌ನಲ್ಲಿ, ಅಂದರೆ ಸ್ಟಾರ್ಟ್‌ನ ಎಲ್ಲರಿಗಿಂತ ಮುಂದಿನ ಜಾಗದಲ್ಲಿ, ಪೆಡ್ರೋಸಾ, ಪಕ್ಕದಲ್ಲಿ ಮಾರ್ಕೆಸ್, ಮೂರನೆಯವನು ರೋಸ್ಸಿ. ಸ್ಟಾರ್ಟ್ ಮಾತ್ರ, ಸುಳ್ಳು ಹೇಳಬಾರದು, ರೋಮಾಂಚನ. ದೀಪ ಆರಿದ ಕೂಡಲೇ ಶಬ್ದ ಕಿವಿಗಲ್ಲ, ಎದೆಗೂಡಿಗೆ ಬಡಿಯಿತು. ಹತ್ತು ಸೆಕೆಂಡು. ಮುಗೀತು. ಆಮೇಲೆ ಪೆಡ್ರೋಸಾ ಮುಂದೆ ಹೋದ, ಲೊರೆಂಜೊ ಅವನ ಹಿಂದೆ ಹೋದ, ರೋಸ್ಸಿ ಮತ್ತು ಮಾರ್ಕೆಸ್ ಮೂರನೇ ಸ್ಥಾನಕ್ಕೆ ಕಚ್ಚಾಡೋಕೆ ಶುರು ಮಾಡಿದರು. ಒಂದೊಂದು ಸುತ್ತಿನಲ್ಲಿ ಎಷ್ಟು ಸಲ ಒಬ್ಬರನ್ನೊಬ್ಬರು ದಾಟಿದರೋ! ಎಲ್ಲಾ ತಿರುವುಗಳಲ್ಲಿ. ನನಗೆ ಕಂಡದ್ದು ಗೆರೆ ದಾಟುವಾಗ ಯಾರು ಮುಂದೆ ಅನ್ನೋದಷ್ಟೆ. ಮಗ ಪರೀಕ್ಷೆ ಬರೆಯೋದನ್ನ ನೋಡೋಕೆ ಹೋಗಿ ಪ್ರತಿ ಎರಡು ನಿಮಿಷಕ್ಕೊಮ್ಮೆ ಅಂಕಪಟ್ಟಿ ನೋಡಿದ ಹಾಗೆ.

ಏಳನೇ ಸುತ್ತು. ಬೈಕುಗಳು ಬರುವ ಹೊತ್ತಾಯಿತು ಅಂತ ಪರದೆಯಿಂದ ಕಣ್ಣು ತೆಗೆದು, ಫೋನಿನ ಕ್ಯಾಮೆರಾ ಆನ್ ಮಾಡಿ, ಹೇರ್‌ಪಿನ್ ಕಡೆಗೆ ಹಿಡಿದು ಕೂತೆ. ಆಗ ನನ್ನ ಬೆನ್ನ ಹಿಂದಿನಿಂದ, ಅದೇ ಚಾವಣಿಯ ಆ ಬದಿಯಿಂದ, ಒಂದು ಕೂಗು ಎದ್ದಿತು. ಅಂಥದ್ದನ್ನು ನಾನು ಯಾವ ಮೈದಾನದಲ್ಲೂ ಕೇಳಿಲ್ಲ. ಪೆಡ್ರೋಸಾ ಹೋಗಿದ್ದ, ಲೊರೆಂಜೊ ಹೋಗಿದ್ದ. ರೋಸ್ಸಿ ಬಂದ. ಒಬ್ಬನೇ. ಮಾರ್ಕೆಸ್‌ನ 93 ನಂಬರಿನ ಬೈಕು ಇಲ್ಲ. ನನ್ನ ಫೋನಿನಲ್ಲಿ ಆ ವಿಡಿಯೋ ಇವತ್ತಿಗೂ ಇದೆ: ಒಂದು ಹಳದಿ ಹೆಲ್ಮೆಟ್ಟು, ಆಮೇಲೆ ಖಾಲಿ ರಸ್ತೆ, "ಮಾರ್ಕೆಸ್ ಎಲ್ಲಿ?" ಅಂತ ಕೇಳುವ ನನ್ನ ದನಿ.

14ನೇ ತಿರುವಿನಲ್ಲಿ ರೋಸ್ಸಿ ಒಳಗಿಂದ ನುಗ್ಗಿ, ವೇಗ ತಗ್ಗಿಸಿ, ಮಾರ್ಕೆಸ್‌ನನ್ನು ಹೊರಕ್ಕೆ ದೂಡುತ್ತಾ ಹೋಗಿದ್ದ. ಇಬ್ಬರೂ ತಾಗಿದರು, ರೋಸ್ಸಿಯ ಎಡಗಾಲು ಪೆಗ್ ಬಿಟ್ಟಿತು, ಮಾರ್ಕೆಸ್ ಬಿದ್ದ. ಪರದೆಯ ಮೇಲೆ ಹತ್ತು ಸಲ ತೋರಿಸಿದರು ಅನ್ನಿ. ಆದರೆ ಪರದೆಯಲ್ಲೇ ನೋಡೋದಾದರೆ ಮನೆಯ ಸೋಫಾ ಏನು ಪಾಪ ಮಾಡಿತ್ತು?

ಪೆಡ್ರೋಸಾ ಗೆದ್ದ, ಲೊರೆಂಜೊ ಎರಡನೆಯವನು, ರೋಸ್ಸಿ ಮೂರು. ಪೋಡಿಯಂ ನನ್ನ ಎದುರಿಗೇ ಇತ್ತು, ಅದಕ್ಕೇ ತಾನೇ ದುಡ್ಡು ಕೊಟ್ಟದ್ದು. ಅಲ್ಲಿ ಜನ ಲೊರೆಂಜೊಗೆ ಛೀಮಾರಿ ಹಾಕಿದರು, ನಾನೂ ದನಿ ಸೇರಿಸಿದೆ. ಆ ತಾಗಾಟದಲ್ಲಿ ಅವನದ್ದೇನಿತ್ತು? ಏನೂ ಇಲ್ಲ. ಇಂದಿಗೂ ಅದು ನೆನಪಾದರೆ ನಾಚಿಕೆ.

ಗೇಟಿನ ಹೊರಗೆ ಭಾವಮೈದ ಸಿಕ್ಕ. ಮುಖವೆಲ್ಲ ಕೆಂಪು. "ಭಾವ, ನೋಡಿದ್ರಾ? ನೋಡಿದ್ರಾ? ಒದ್ದನಾ ಇಲ್ವಾ ಹೇಳಿ!" ನಾನು ಬಾಯಿ ಬಿಡಲಿಲ್ಲ. 14ನೇ ತಿರುವು ಅವನ ಸೀಟಿನಿಂದಲೂ ಸ್ಟ್ರೇಟಿನ ಆ ತುದಿ, ಅಷ್ಟು ದೂರಕ್ಕೆ ಕಾಲು ಆಡಿಸಿದ್ದು ಕಾಣೋದು ಸಾಧ್ಯವೇ ಇಲ್ಲ. ಅವನಿಗೆ ಕಂಡದ್ದು ಒಂದು ಬೈಕು ಜಾರಿ ಹೋದದ್ದಷ್ಟೇ ಇರಬೇಕು. ಆದರೆ ಮನೆಯಲ್ಲಿ ನೆಂಟರ ಮುಂದೆ ಅವನು ಕತೆ ಹೇಳುವಾಗ ಕಾಲಿನ ಬೂಟಿನ ಬಣ್ಣವನ್ನೂ ಹೇಳ್ತಾನೆ. ನಾನು ಸುಮ್ಮನೆ ಕಾಫಿ ಕುಡೀತೀನಿ. ರೋಸ್ಸಿಗೆ 3 ಪೆನಾಲ್ಟಿ ಪಾಯಿಂಟ್ ಹಾಕಿದರು, ಒದ್ದದ್ದಕ್ಕೆ ಅಂತಲ್ಲ, ಬೇಕಂತಲೇ ಹೊರಕ್ಕೆ ದೂಡಿದ್ದಕ್ಕೆ. ಮಿಸಾನೊ ರೇಸಿನ ಸಮಯದಲ್ಲಿ ಬಿದ್ದ 1 ಪೆನಾಲ್ಟಿ ಪಾಯಿಂಟ್ ಮೊದಲೇ ಇತ್ತು. ಒಟ್ಟು 4, ಹಾಗಾಗಿ ಕೊನೆಯ ರೇಸ್ ನಡೆದ ವೆಲೆನ್ಸಿಯಾದಲ್ಲಿ ಎಲ್ಲರಿಗಿಂತ ಹಿಂದಿನಿಂದ ಸ್ಟಾರ್ಟ್. ಅಲ್ಲಿಂದ ನಾಲ್ಕನೇ ಸ್ಥಾನಕ್ಕೆ ಬಂದ, ಲೊರೆಂಜೊ ಗೆದ್ದ, 5 ಪಾಯಿಂಟಿನಲ್ಲಿ ಪ್ರಶಸ್ತಿ ಹೋಯಿತು. ತಪ್ಪು ರೋಸ್ಸಿಯದ್ದೇ ಅಂತ ಭಕ್ತನಾಗಿಯೇ ಹೇಳ್ತೀನಿ. ಕೆಣಕಿದವನು ಮಾರ್ಕೆಸ್ ಇರಬಹುದು, ಆದರೆ ಕೆಣಕಿಸಿಕೊಂಡು ಬುದ್ಧಿ ಕಳಕೊಂಡವನು ಇವನು.

ಈಗ ನಿಮ್ಮ ಪ್ರಶ್ನೆ. ಟಿವಿಗಿಂತ ಚೆನ್ನಾಗಿ ಕಾಣುತ್ತಾ? ಕಾಣಲ್ಲ. ಎಷ್ಟು ದುಡ್ಡು ಕೊಟ್ಟರೂ ಕಾಣಲ್ಲ. ರೇಸ್ ಅರ್ಥ ಆಗಬೇಕು ಅನ್ನೋದೇ ನಿಮ್ಮ ಆಸೆಯಾದರೆ ಟಿಕೆಟ್ ದುಡ್ಡಲ್ಲಿ ದೊಡ್ಡ ಟಿವಿ ತಗೊಳ್ಳಿ. ಟ್ರ್ಯಾಕಿಗೆ ಹೋಗೋದು ಮೈಗೆ ತಾಗಿಸಿಕೊಳ್ಳೋಕೆ: ಸುಟ್ಟ ರಬ್ಬರಿನ ವಾಸನೆ, ಬ್ರೇಕ್ ಹಿಡಿದಾಗ ಎಂಜಿನ್ ಕೆಮ್ಮುವ ಸದ್ದು, ಒಂದು ಕಂಪನಿಯ ಬೈಕಿಗೂ ಇನ್ನೊಂದಕ್ಕೂ ದನಿಯಲ್ಲೇ ಇರುವ ವ್ಯತ್ಯಾಸ. ಅದಕ್ಕೆ ಹೇರ್‌ಪಿನ್ ಬೇಕು. ಸೆಪಾಂಗ್‌ನಲ್ಲಾದರೆ 15ನೇ ತಿರುವು, ಇಲ್ಲ 1 ಮತ್ತು 2, ಇಲ್ಲ 9. ಗುಡ್ಡದ ಮೇಲೆ ಕೂತು ನೋಡುವ ಟಿಕೆಟ್ ಅಗ್ಗ ಅಂತ ಅದನ್ನೂ ಕಣ್ಣುಮುಚ್ಚಿ ತಗೋಬೇಡಿ, ಎದುರಿಗೆ ಯಾವ ತಿರುವು ಅಂತ ನೋಡಿ. ಮಳೆ ಬಂದರೆ ಗುಡ್ಡದ ಮೇಲೆ ತೊಪ್ಪೆಯಾಗ್ತೀರಿ. 2017ರಲ್ಲಿ ಡೊವಿಜಿಯೊಸೊ ಗೆದ್ದ ರೇಸ್ ನಡೆದದ್ದು ನೆನೆದ ಟ್ರ್ಯಾಕಿನಲ್ಲೇ. ಶುಕ್ರವಾರದ ಪ್ರಾಕ್ಟೀಸ್ ಬಿಡಬೇಡಿ, ನಾನು ಬಿಟ್ಟೆ. ಕಿವಿಗೆ ಇಯರ್ ಪ್ಲಗ್ ಇಲ್ಲದೆ ಹೋಗಬೇಡಿ. ಫೋನ್ ಜೇಬಿನಲ್ಲಿರಲಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ವಿಮಾನ ಹತ್ತೋ ಮೊದಲು ಒಂದು ವಾರಾಂತ್ಯ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಿಬನ್ನಿ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿಯಲ್ಲೇ, ಶ್ರೀಪೆರಂಬುದೂರಿನ ಹತ್ತಿರ. ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತೆ. ನಮ್ಮ ರಸ್ತೆಯಲ್ಲಿ ಓಡುವ ಬೈಕುಗಳ ತಮ್ಮಂದಿರೇ ಅಲ್ಲಿ ಓಡೋದು, ವೇಗ ಕಡಿಮೆ, ಹಾಗಾಗಿ ಯಾರು ಎಲ್ಲಿ ಬ್ರೇಕ್ ಹಿಡಿದ, ಯಾರು ಹೆದರಿದ ಅನ್ನೋದೆಲ್ಲ ಕಣ್ಣಿಗೆ ಕಾಣುತ್ತೆ. ಸೆಪಾಂಗ್‌ನಿಂದ ಬಂದ ಮೇಲೆ ನಾನು ಕಲಿತದ್ದು ಅಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ಗೆ ಮೋಟೋಜಿಪಿ ಬಂದಾಗ ತಿರುವಿನ ಎದುರೇ ಕೂತೆ. ಸೆಖೆಗೆ ಹೆದರಿ ರೇಸನ್ನು 21 ಸುತ್ತಿಗೆ ಇಳಿಸಿದ್ದರು. ಗೆದ್ದವನು ಬೆಜ್ಜೆಕ್ಕಿ, ಆಗ ರೋಸ್ಸಿಯ ತಂಡದಲ್ಲಿದ್ದ ಹುಡುಗ. ಸುತ್ತುಸುತ್ತಿಗೂ ಅವನು ಬ್ರೇಕ್ ಹಿಡಿಯೋದು ನೋಡಿದೆ, ಎಂಟು ವರ್ಷದ ಹಸಿವು ಸ್ವಲ್ಪ ತೀರಿತು.

ಭಾವಮೈದ ಅಲ್ಲಿಗೂ ಬಂದಿದ್ದ. ಈಗ ಸಂಬಳ ಜಾಸ್ತಿ. ಸ್ಟಾರ್ಟ್-ಫಿನಿಶ್ ಎದುರು ಸೀಟು ತಗೊಂಡಿದ್ದ. ನಾನೇನೂ ಹೇಳಲಿಲ್ಲ.