ದುಬೈನಲ್ಲಿ ಒಂಟಿ ಕ್ರಿಸ್‌ಮಸ್: ನೆರೆಮನೆಯ ಈದ್ ಸಮಾಧಾನ ಕೊಡುತ್ತದೆಯೇ?

ರಜೆ ಸಿಗದೆ ಕ್ರಿಸ್‌ಮಸ್‌ಗೆ ಮಂಗಳೂರಿಗೆ ಹೋಗಲಾಗುತ್ತಿಲ್ಲ, ದುಬೈನ ನೆರೆಮನೆಯ ಮುಸ್ಲಿಂ ಕುಟುಂಬ ತಮ್ಮ ಹಬ್ಬಕ್ಕೆ ಬನ್ನಿ ಎನ್ನುತ್ತದೆ, ಹೋದರೆ ಮನಸ್ಸು ಹಗುರವಾಗುವುದೋ ಇನ್ನಷ್ಟು ಭಾರವಾಗುವುದೋ ಎಂದು ಕೇಳಿದ್ದೀರಿ. ಹಗುರವಾಗುತ್ತದೆ. ಆದರೆ ಈದ್ ದಿನ ಹೋಗಿ ಉಂಡು ಬಂದರೆ ಸಾಲದು. ಅದಕ್ಕೂ ಮೊದಲು, ಅವರ ಅಡುಗೆಮನೆಯಲ್ಲಿ ಹಿಟ್ಟು ಕಲಸುವ ಹೊತ್ತಿಗೇ ಹೋಗಿ.

ಇದನ್ನು 2000ನೇ ಇಸವಿಯ ಡಿಸೆಂಬರ್ ನನಗೆ ಕಲಿಸಿತು. ಆ ವರ್ಷ ಕ್ರಿಸ್‌ಮಸ್ ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ ಬಂದಿತ್ತು, ಈದ್ 27ಕ್ಕೆ. 25 ಸೋಮವಾರ, ಕಚೇರಿಗೆ ರಜೆಯಿಲ್ಲ. ರಂಜಾನ್ ಆದ್ದರಿಂದ ಎರಡು ಗಂಟೆ ಬೇಗ ಬಿಡುತ್ತಿದ್ದರು, ಅಷ್ಟೇ. ಚರ್ಚ್‌ಗೇನೂ ಕೊರತೆಯಿರಲಿಲ್ಲ. ದುಬೈನ ಊದ್ ಮೇತಾ ಬಡಾವಣೆಯ ಸೇಂಟ್ ಮೇರೀಸ್, ಹಿಂದೆ ದುಬೈ ದೊರೆಯಾಗಿದ್ದ ಶೇಖ್ ರಶೀದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಎದ್ದ ಚರ್ಚ್. ಹಿಂದಿನ ರಾತ್ರಿಯ ಬಲಿಪೂಜೆಗೆ ಅಂಗಳದಲ್ಲೂ ಕಾಲಿಡಲು ಜಾಗವಿರಲಿಲ್ಲ. ಗೋದಲಿ ಇತ್ತು, ನಕ್ಷತ್ರದ ದೀಪಗಳಿದ್ದವು, ಅಂಗಡಿಯಲ್ಲಿ ಕೇಕ್ ಸಿಗುತ್ತಿತ್ತು. ಇಷ್ಟೆಲ್ಲ ಇದ್ದೂ ಎದೆಯೊಳಗಿನ ಸಂಕಟ ಕರಗಲಿಲ್ಲ.

ಕಾರಣ ಹೊಳೆದದ್ದು ಮರುದಿನ ಮಧ್ಯಾಹ್ನ, ಎದುರು ಫ್ಲಾಟಿನ ಈಜಿಪ್ಟ್ ಕುಟುಂಬದ ಮನೆಯಲ್ಲಿ. ಇಫ್ತಾರ್‌ಗೆ ಕರೆದಿದ್ದರು. ನಾನು ಕಚೇರಿಯಿಂದ ನೇರವಾಗಿ, ಬಹಳ ಮುಂಚೆಯೇ ಹೋಗಿದ್ದೆ. ಊಟದ ಮೇಜಿನ ತುಂಬ ತಟ್ಟೆಗಳು. ಈದ್‌ಗೆ ಕಹ್ಕ್ ಮಾಡುತ್ತಿದ್ದರು. ಮೈದಾ ಹಿಟ್ಟಿಗೆ ಬಿಸಿ ತುಪ್ಪ ಸುರಿದು ಕಲಸಿ, ಒಳಗೆ ಖರ್ಜೂರವನ್ನೋ ಜೇನಿನಲ್ಲಿ ಬೇಯಿಸಿದ ಅಕ್ರೋಟನ್ನೋ ಇಟ್ಟು ಉಂಡೆ ಮಾಡುತ್ತಾರೆ. ಆಮೇಲೆ ಹಲ್ಲುಗಳಿರುವ ಪುಟ್ಟ ಚಿಮುಟದಿಂದ ಮೈಮೇಲೆಲ್ಲ ಸಾಲು ಸಾಲಾಗಿ ಚಿವುಟುತ್ತಾರೆ. ಬೆಂದ ನಂತರ ಉದುರಿಸುವ ಸಕ್ಕರೆ ಪುಡಿ ಆ ಗೆರೆಗಳಲ್ಲಿ ಕೂರಬೇಕು. ಆ ಮನೆಯ ಅಜ್ಜಿ ಚಿಮುಟವನ್ನು ನನ್ನ ಕೈಗೆ ಕೊಟ್ಟು, ಮೊದಲ ಸಾಲನ್ನು ತಾವೇ ನನ್ನ ಬೆರಳು ಹಿಡಿದು ಚಿವುಟಿಸಿದರು.

ನಮ್ಮ ಕ್ರಿಸ್‌ಮಸ್ ಸಿಹಿ ಕಿಡಿಯೊ ಮಾಡುವಾಗ ನೀವೂ ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಹಿಟ್ಟು ಒತ್ತಿ ಸುತ್ತಿರುತ್ತೀರಿ. ಅದೇ ಗೆರೆ, ಅದೇ ಬೆರಳ ತುದಿಯ ಕೆಲಸ. ನನಗೆ ಬೇಕಾಗಿದ್ದದ್ದು ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಯಲ್ಲ. ಅಮ್ಮ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಚಾಪೆಯ ಮೇಲೆ ಕುಳಿತು ಕರ್ಜಿಕಾಯಿಯಂಥ ನೆವ್ರಿಯ ಅಂಚು ಮಡಿಸುತ್ತ, ಒಲೆಯ ಮುಂದಿನವರನ್ನು ಅವಸರಪಡಿಸುತ್ತ ಕಳೆಯುವ ಆ ಸಂಜೆ ಬೇಕಾಗಿತ್ತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಬಲಿಪೂಜೆ ಮುಗಿಸಿ ಒಂಟಿ ಕೋಣೆಗೆ ಮರಳಿದವಳಿಗಂತೂ ಸಿಗುವುದೇ ಇಲ್ಲ.

ಅಲ್ಲಿದ್ದವರೆಲ್ಲ ಉಪವಾಸ. ಬೆಳಗಿನಿಂದ ನೀರೂ ಮುಟ್ಟದೆ, ತುಪ್ಪದ ಘಮದ ನಡುವೆ ನಿಂತು ಸಿಹಿ ಮಾಡುತ್ತಿದ್ದರು. ಹೂರಣದ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಿಂಜರಿದರೆ ಅಜ್ಜಿ ಒಪ್ಪಲಿಲ್ಲ, ಚಮಚವನ್ನು ಬಾಯಿಗೇ ತಂದರು. ಜೇನು ಕಡಿಮೆಯೆಂದು ಸನ್ನೆ ಮಾಡಿದೆ, ಇನ್ನಷ್ಟು ಹಾಕಿದರು. ಆ ಮನೆಯಲ್ಲಿ ನಾನು ಅತಿಥಿಯಾಗಿ ಉಳಿಯಲಿಲ್ಲ, ಕೆಲಸಕ್ಕೆ ಕೈಜೋಡಿಸಿದವಳಾದೆ. ಇಂದಿಗೂ ಅದನ್ನು ನೆನೆದರೆ ಕಣ್ಣು ತುಂಬುತ್ತದೆ. ಸೂರ್ಯಾಸ್ತದ ಫಿರಂಗಿ ಸದ್ದು ಟಿವಿಯಲ್ಲಿ ಕೇಳಿದೊಡನೆ ಖರ್ಜೂರ, ನೀರು, ನಮಾಜು, ಬಳಿಕ ಬೇಳೆಯ ಸೂಪು. ಊರಿನ ನೆನಪು ಹೋಗಲಿಲ್ಲ, ಹೋಗಬೇಕೆಂದೂ ಅನ್ನಿಸಲಿಲ್ಲ.

ಇನ್ನು ನಿಮ್ಮ ವಿಚಾರ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ರಂಜಾನ್ ಮತ್ತೆ ಡಿಸೆಂಬರ್ ಕೊನೆಗೆ ಬರುವುದು 2030ರಲ್ಲಿ. ಅಲ್ಲಿಯವರೆಗೆ ಕಾಯಬೇಡಿ. ಈ ಡಿಸೆಂಬರ್‌ನಲ್ಲಿ ನೀವೇ ಅವರನ್ನು ಕಿಡಿಯೊ ಸುತ್ತಲು ಕರೆಯಿರಿ, ಮಕ್ಕಳಿದ್ದರೆ ಖಂಡಿತ ಬರುತ್ತಾರೆ. ಮೈದಾ, ಮೊಟ್ಟೆ, ತೆಂಗಿನಹಾಲು, ಸಕ್ಕರೆ. ಅವರು ತಿನ್ನಲು ಅಡ್ಡಿಯಾಗುವಂಥದ್ದು ಅದರಲ್ಲಿ ಏನೂ ಇಲ್ಲ. ಕೇಕ್ ಕೊಡುವುದಾದರೆ ಮಾತ್ರ ಒಣಹಣ್ಣನ್ನು ರಮ್‌ನಲ್ಲಿ ನೆನೆಸಬೇಡಿ, ಕಿತ್ತಳೆ ರಸ ಸಾಕು. ಅವರ ರಂಜಾನ್ ಬಂದಾಗ, ಈದ್‌ಗೆ ಎರಡು ಮೂರು ದಿನ ಮುಂಚೆ ಬಾಗಿಲು ತಟ್ಟಿ, ಏನಾದರೂ ಕೆಲಸ ಇದೆಯೇ ಎಂದು ಕೇಳಿ.