ಡ್ರಾಯಿಂಗ್ ತಪ್ಪಿದೆ ಅಂತ ಅವನಿಗೆ ಗೊತ್ತಿತ್ತು

ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನ ಒಪ್ಪಿಗೆ ಇದೆ. ಕಿರಣ್ ಅಂತ ಇಟ್ಟುಕೊಳ್ಳಿ. 24 ವರ್ಷ, ಐಟಿಐ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಸೋಮವಾರಪೇಟೆ ಕಡೆಯವನು, ಕುಶಾಲನಗರದ ಹತ್ತಿರ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಒಣ ಸಿಪ್ಪೆ ತೆಗೆಯುವ ಹಲ್ಲರ್‌ಗಳ ಬಿಡಿಭಾಗವೇ ಅಲ್ಲಿ ಜಾಸ್ತಿ.

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ರೆ ಬರಲ್ಲ ಅಂತ. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೂ ತಲೆಯಲ್ಲಿ ಅಳತೆಗಳೇ. ಒಂದೇ ಜಾಬ್‌ಗೆ ಏಳೆಂಟು ಸಲ ಮೈಕ್ರೋಮೀಟರ್ ಹಿಡಿದು ಅಳೆಯುತ್ತಾನೆ. ಕೈ ಬೆವರುತ್ತದೆ. "ನಾನು ಮುಟ್ಟಿದ ಶಾಫ್ಟ್ (ಯಂತ್ರದಲ್ಲಿ ತಿರುಗುವ ದಂಡ) ಮೇಲೆ ಮರುದಿನ ನನ್ನ ಬೆರಳಿನ ಗುರುತೇ ತುಕ್ಕಾಗಿ ಕಾಣುತ್ತೆ ಮೇಡಂ" ಅಂದ. ಎಣ್ಣೆ ಹಚ್ಚದ ಕಬ್ಬಿಣಕ್ಕೆ ಬೆವರು ತಾಗಿದರೆ ಹಾಗೇ ಆಗೋದು, ನಮ್ಮ ಮಳೆಯ ತೇವದಲ್ಲಂತೂ ಬೇಗ. ಅವನಿಗೆ ಮಾತ್ರ ಅದು ತನ್ನ ತಪ್ಪಿಗೆ ಸಾಕ್ಷಿಯ ಹಾಗೆ ಕಾಣುತ್ತಿತ್ತು.

ನಡೆದದ್ದು ಇಷ್ಟು. ಕೊಯ್ಲಿಗೆ ಮುಂಚೆ 12 ಪಲ್ಪರ್ ಶಾಫ್ಟ್‌ಗಳ ಆರ್ಡರ್ ಬಂತು. ಡ್ರಾಯಿಂಗ್‌ನಲ್ಲಿ ಶಾಫ್ಟ್ ಸಲೀಸಾಗಿ ತಿರುಗಲು ಹಾಕುವ ಬೇರಿಂಗ್‌ನ ನಂಬರ್ 6206 ಅಂತ ಇದೆ, ಬೇರಿಂಗ್ ಕೂರುವ ಜಾಗಕ್ಕೆ 25 ಮಿಮೀ ಅಂತ ಇದೆ. ನನಗೆ ಅರ್ಥವಾಗಲಿ ಅಂತ ಚೀಟಿಯ ಹಿಂದೆ ಬರೆದು ತೋರಿಸಿದ: ಕೊನೆಯ ಎರಡು ಅಂಕಿ 06, ಐದರಿಂದ ಗುಣಿಸಿದರೆ 30, ಅದೇ ಬೇರಿಂಗ್‌ನ ಒಳವ್ಯಾಸ. 25 ಬೇಕಿದ್ದರೆ 6205 ಆಗಬೇಕಿತ್ತು. ನೋಡಿದ ಕೂಡಲೇ ಗೊತ್ತಾಗಿತ್ತು, ಆದರೂ ಸುಮ್ನೆ ಲೇತ್‌ನಲ್ಲಿ 25ಕ್ಕೇ ಹೊಡೆದ. ಆರ್ಡರ್ ಕೊಟ್ಟ ಪಾರ್ಟಿ ತಂದ ಬೇರಿಂಗ್ 6206. ಹನ್ನೆರಡೂ ಸ್ಕ್ರ್ಯಾಪ್. ದಪ್ಪ ಇದ್ದರೆ ಇಳಿಸಬಹುದು, ಇಳಿಸಿದ್ದನ್ನು ಏರಿಸೋದು ಹೇಗೆ? ಓನರ್ ಎಲ್ಲರ ಮುಂದೆ ಬೈದರು.

ಯಾಕೆ ಕೇಳಲಿಲ್ಲ ಅನ್ನೋದು ಎರಡನೇ ಭೇಟಿಯಲ್ಲಿ ಹೊರಬಂತು. ಹಿಂದೊಮ್ಮೆ ಕೇಳಿದ್ದಕ್ಕೆ ಫೋರ್ಮನ್ "ಡ್ರಾಯಿಂಗ್ ಮಾಡಿದೋರು ಇಂಜಿನಿಯರು, ನೀನು ಐಟಿಐ, ಇದ್ದಂಗೆ ಹೊಡಿ" ಅಂದಿದ್ದರು. ಇನ್ನೊಮ್ಮೆ ಯಾರನ್ನೂ ಕೇಳದೆ ತಾನೇ ಸರಿಮಾಡಲು ಹೋಗಿ ಶಾಫ್ಟ್‌ನಲ್ಲಿ ಕೀಲು ಕೂರುವ ಸೀಳನ್ನು, ಅದೇ ಕೀವೇಯನ್ನು, ಆಚೆ ಬದಿಗೆ ಹೊಡೆದಿದ್ದ, ಆ ಡ್ರಾಯಿಂಗ್ ಥರ್ಡ್ ಆಂಗಲ್‌ನದು, ಇವನು ಕಲಿತದ್ದು ಫಸ್ಟ್ ಆಂಗಲ್, ಡ್ರಾಯಿಂಗ್ ಬರೆಯುವ ಈ ಎರಡು ಪದ್ಧತಿಗಳಲ್ಲಿ ಎಡ ಬಲ ನೋಟಗಳ ಜಾಗ ಅದಲುಬದಲು, ಯಾವ ಪದ್ಧತಿ ಅಂತ ತೋರಿಸಲು ಮೂಲೆಯಲ್ಲಿದ್ದ ಗುರುತು ನೋಡಿರಲಿಲ್ಲ. ಕೇಳಿದರೆ ಅವಮಾನ, ತಿದ್ದಿದರೆ ಬೈಗುಳ. ಇನ್ನು ಬಾಯಿ ಮುಚ್ಚಿಕೊಂಡು ಇದ್ದ ಹಾಗೆ ಹೊಡೆಯೋದೇ ತಾನೇ? ಇದನ್ನು ಸೋಮಾರಿತನ ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಇದು ಪೆಟ್ಟು ತಿಂದು ಕಲಿತ ಭಯ.

ಡ್ರಾಯಿಂಗ್‌ನ ತಪ್ಪು ನಿನ್ನದಲ್ಲ, ಸುಮ್ಮನಿದ್ದದ್ದು ಮಾತ್ರ ನಿನ್ನದು, ಅಷ್ಟನ್ನೇ ಹೊರು ಅಂದೆ. ಚಕ್‌ಗೆ (ಲೇತ್‌ನಲ್ಲಿ ಲೋಹ ಹಿಡಿದಿಡುವ ಭಾಗ) ಕಟ್ಟುವ ಮೊದಲು ಏನೇನು ನೋಡಬೇಕು ಅಂತ ಅವನಿಂದಲೇ ಹೇಳಿಸಿದೆ. ತುಂಡು ಅಳತೆಗಳನ್ನು ಕೂಡಿಸಿ ಒಟ್ಟು ಉದ್ದಕ್ಕೆ ತಾಳೆ ನೋಡೋದು, ಬೇರಿಂಗ್ ನಂಬರ್, ಆಂಗಲ್ ಗುರುತು, ಡ್ರಾಯಿಂಗ್‌ನ ರಿವಿಷನ್ (ತಿದ್ದಿದ ಆವೃತ್ತಿ) ಹೊಸದಾ ಹಳೆಯದಾ. ಎಲ್ಲವೂ ಅವನಿಗೆ ಗೊತ್ತಿತ್ತು! ಹೊಂದದಿದ್ದರೆ ತಾನಾಗಿ ತಿದ್ದಬಾರದು. ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆಯಲೂ ಬಾರದು, ಜೆರಾಕ್ಸ್‌ನಲ್ಲಿ ಗೆರೆ ಹಿಗ್ಗಿ ಕುಗ್ಗಿರುತ್ತದೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಪ್ರಶ್ನೆ ಬರೆದು, ತಾರೀಖು ಹಾಕಿ, ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡೋದು. ಬರಹದಲ್ಲಿ ಉತ್ತರ ಬರುವವರೆಗೆ ಬೇರೆ ಜಾಬ್. ಮೊದಲ ಪೀಸ್‌ಗೆ ಬೇರಿಂಗ್ ಹಾಕಿ ನೋಡಿ ಆಮೇಲೆ ಉಳಿದದ್ದು.

ಜಾಸ್ತಿ ಹೊತ್ತು ಹಿಡಿದದ್ದು ಮಾತಿನ ಅಭ್ಯಾಸ. "ಅಣ್ಣಾ, ಇದು ತಪ್ಪಿದೆ" ಅಂದರೆ ಎದುರಿಗಿದ್ದವರು ಮೇಲೆ ಬೀಳುತ್ತಾರೆ. "ಅಣ್ಣಾ, 6206 ಹಿಡೀಲಾ, 25 ಹಿಡೀಲಾ?" ಅಂದರೆ ಉತ್ತರ ಕೊಡಲೇಬೇಕು. ನಾನು ಫೋರ್ಮನ್ ಆಗಿ ಗದರಿದೆ. ಮೂರನೇ ಸಲಕ್ಕೆ ಅವನ ದನಿ ನಡುಗಲಿಲ್ಲ.

ಅವನು ಒಪ್ಪಿದ ಮೇಲೆ ಓನರ್‌ ಜೊತೆಯೂ ಮಾತಾಡಿದೆ. "ಕೇಳಿದ್ದರೆ ಒಂದು ಫೋನಲ್ಲಿ ಮುಗೀತಿತ್ತಲ್ಲ" ಅಂದರು. ಕೇಳಿದಾಗ ನಿಮ್ಮ ಶಾಪಿನಲ್ಲಿ ಏನು ಉತ್ತರ ಸಿಕ್ಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪು ಗುರುತಿನ ಡ್ರಾಯಿಂಗ್‌ಗಳಿಗೆ ಒಂದು ಫೈಲ್ ಇಡಿಸುತ್ತೇನೆ ಅಂದರು. ಇಡಿಸಿದ್ದಾರೆ ಕೂಡ.

ನಿಮಗೂ ವಾರಗಟ್ಟಲೆ ಹೀಗೆ ನಿದ್ರೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕಿರಣ್ ಈಗ ಐದರವರೆಗೆ ಮಲಗುತ್ತಾನೆ. ಫೋರ್ಮನ್ ಜೊತೆ ಮಾತು ಇನ್ನೂ ಅಷ್ಟಕ್ಕಷ್ಟೇ. ಕೊಯ್ಲು ಮುಗಿದ ಮೇಲೆ ಇನ್ನೊಂದು ಸಲ ಬಾ ಅಂದಿದ್ದೇನೆ.